ಕ್ಷೌರದಂಗಡಿಯಲ್ಲಿ ಹುಟ್ಟಿದ ಸಂಗೀತ

'ಬಾರ್ಬರ್‌ಶಾಪ್ ಹಾರ್ಮನಿ' ಎಂಬ ಹೆಸರನ್ನು ಮೊದಲ ಬಾರಿಗೆ ಕೇಳಿದವರಿಗೆ ನಗು ಬರುವುದು ಸಹಜ. ಎಲ್ಲಿಯ ಕತ್ತರಿ, ಎಲ್ಲಿಯ ಶ್ರುತಿ? ಆದರೆ ನಮ್ಮ ಕಡೆಯ ಹಳೆಯ ಮದುವೆಗಳನ್ನು ಕಂಡವರು ಹೀಗೆ ನಗಲಾರರು. ಪುರೋಹಿತರು 'ಗಟ್ಟಿಮೇಳ' ಎಂದು ಕೂಗಿದೊಡನೆ ನಾಗಸ್ವರವನ್ನೂ ಡೋಲನ್ನೂ ಎತ್ತಿಕೊಳ್ಳುತ್ತಿದ್ದವರು ಎಷ್ಟೋ ಊರುಗಳಲ್ಲಿ ಕ್ಷೌರವೃತ್ತಿಯ ಮನೆತನದವರೇ. ಅವರ ವಾದ್ಯವಿಲ್ಲದೆ ತಾಳಿ ಕಟ್ಟುವಂತಿರಲಿಲ್ಲ. ಆದರೆ ಊಟದ ಪಂಕ್ತಿಯಲ್ಲಿ ಅವರಿಗೆ ಎಲೆ ಹಾಕುತ್ತಿರಲಿಲ್ಲ. ಸಂಗೀತ ಬೇಕು, ಸಂಗೀತಗಾರ ಬೇಡ ಎನ್ನುವ ಈ ವಿಚಿತ್ರ ನ್ಯಾಯ ನಮ್ಮೊಬ್ಬರ ಸ್ವತ್ತಲ್ಲ. ಸಾವಿರಾರು ಮೈಲಿ ದೂರದ ಅಮೆರಿಕದಲ್ಲಿ ಕ್ಷೌರದಂಗಡಿಯ ಹೆಸರು ಹೊತ್ತ ಒಂದು ಗಾಯನಶೈಲಿಯ ಚರಿತ್ರೆಯೂ ಇದೇ ನ್ಯಾಯದ ಕಥೆ. ಅದು ಕೇಳಲು ಇಂಪಾದ ಸಂಗೀತ, ಅದರ ಚರಿತ್ರೆ ಮಾತ್ರ ಅಷ್ಟು ಇಂಪಾದುದಲ್ಲ. ಎರಡನ್ನೂ ಒಟ್ಟಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ನಾಲ್ವರ ಹಾಡು

ಈ ಶೈಲಿಯಲ್ಲಿ ಹಾಡುವವರು ನಾಲ್ವರು. ಪಕ್ಕವಾದ್ಯವಿಲ್ಲ, ಶ್ರುತಿಪೆಟ್ಟಿಗೆಯಿಲ್ಲ. ಆರಂಭದಲ್ಲಿ ಒಂದು ಸಣ್ಣ ಪೀಪಿಯಿಂದ ಆಧಾರಸ್ವರವನ್ನು ಹಿಡಿದುಕೊಂಡರೆ ಮುಗಿಯಿತು, ಉಳಿದುದೆಲ್ಲ ಕಂಠಗಳದೇ ಕೆಲಸ.

ನಮ್ಮ ಸಂಗೀತದಲ್ಲಿ ನಾಲ್ವರು ಕೂಡಿ ಹಾಡಿದರೂ ಹಾಡುವುದು ಒಂದೇ ರಾಗದ ಒಂದೇ ಸಂಚಾರವನ್ನು. ಇಲ್ಲಿ ಹಾಗಲ್ಲ. ಮಾತು ನಾಲ್ವರಿಗೂ ಒಂದೇ, ಒಂದೇ ಗಳಿಗೆಯಲ್ಲಿ ಉಚ್ಚರಿಸುವ ಅಕ್ಷರವೂ ಒಂದೇ. ಸ್ವರಗಳು ಮಾತ್ರ ಬೇರೆ ಬೇರೆ. ಹಾಡಿನ ಮಟ್ಟನ್ನು ಹಾಡುವವನಿಗೆ 'ಲೀಡ್' ಎಂದು ಹೆಸರು. ಅವನಿಗಿಂತ ಮೇಲಿನ ಸ್ವರಗಳಲ್ಲಿ, ದನಿಯನ್ನು ತೆಳ್ಳಗೆ ಮಾಡಿ ಹಾಡುವವನು 'ಟೆನರ್'. ತಳಪಾಯದಂತೆ ಮಂದ್ರದಲ್ಲಿ ನಡೆಯುವವನು 'ಬಾಸ್'. ನಾಲ್ಕನೆಯವನು 'ಬ್ಯಾರಿಟೋನ್'. ಇವನ ಪಾಡು ಸ್ವಲ್ಪ ಕಷ್ಟದ್ದು. ಉಳಿದ ಮೂವರೂ ತಮಗೆ ಬೇಕಾದ ಸ್ವರಗಳನ್ನು ಆರಿಸಿಕೊಂಡ ಮೇಲೆ ಮಿಕ್ಕಿದ ಸ್ವರವೇ ಇವನ ಪಾಲು. ಒಮ್ಮೆ ಲೀಡಿನ ಮೇಲೆ ಹಾರುತ್ತಾನೆ, ಮರುಗಳಿಗೆಯಲ್ಲಿ ಅವನ ಕೆಳಗೆ ಇಳಿಯುತ್ತಾನೆ. ಬ್ಯಾರಿಟೋನಿನ ಪಾಲನ್ನು ಮಾತ್ರ ಪ್ರತ್ಯೇಕವಾಗಿ ಕೇಳಿದರೆ ತಲೆಬುಡವಿಲ್ಲದ ಮಟ್ಟಿನಂತೆ ತೋರುತ್ತದೆ. ಆದರೆ ಅವನು ಬಾಯಿ ಮುಚ್ಚಿದ ಕ್ಷಣವೇ ಉಳಿದ ಮೂವರ ಹಾಡು ಬಡವಾಗುತ್ತದೆ. ಮನೆಯಲ್ಲಾಗಲಿ ಸಂಘದಲ್ಲಾಗಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ ಎಂಬುದನ್ನು ಓದುಗರು ಬಲ್ಲರು.

ಪಾಶ್ಚಾತ್ಯರ ಸಾಮಾನ್ಯ ಗಾಯನವೃಂದಗಳಲ್ಲಿ ಮಟ್ಟು ಎಲ್ಲಕ್ಕಿಂತ ಮೇಲಿನ ಕಂಠದಲ್ಲಿರುವುದು ವಾಡಿಕೆ. ಬಾರ್ಬರ್‌ಶಾಪಿನಲ್ಲಿ ಅದು ನಡುವೆ ಇರುತ್ತದೆ, ಮೇಲೂ ಕೆಳಗೂ ಉಳಿದ ಕಂಠಗಳು ಅದನ್ನು ಸುತ್ತುವರಿದಿರುತ್ತವೆ. ಒಂದೊಂದು ಅಕ್ಷರಕ್ಕೂ ನಾಲ್ಕು ಸ್ವರಗಳ ಒಂದೊಂದು ಗೊಂಚಲು, ಅಂದರೆ 'ಕಾರ್ಡ್', ಹುಟ್ಟುತ್ತ ಹೋಗುತ್ತದೆ. ಹಾಡಿನ ಕೊನೆಯ ಸಾಲಿನಲ್ಲಿ ಒಬ್ಬನು ಒಂದೇ ಸ್ವರದ ಮೇಲೆ ನಿಂತುಬಿಡುವುದೂ ಉಳಿದ ಮೂವರು ಅವನ ಸುತ್ತ ಗೊಂಚಲುಗಳನ್ನು ಬದಲಿಸುತ್ತ ಹೋಗುವುದೂ ಈ ಶೈಲಿಯ ವಿಶೇಷ ಆಕರ್ಷಣೆ. ಈ ಮುಕ್ತಾಯಕ್ಕೆ 'ಟ್ಯಾಗ್' ಎನ್ನುತ್ತಾರೆ. ಹಾಡನ್ನೆಲ್ಲ ಬಿಟ್ಟು ಬರೀ ಟ್ಯಾಗುಗಳನ್ನೇ ರಾತ್ರಿಯಿಡೀ ಹಾಡಿಕೊಂಡು ಕೂರುವ ರಸಿಕರೂ ಇದ್ದಾರೆ.

ಐದನೆಯ ಕಂಠ

ನಾಲ್ವರೂ ಶ್ರುತಿಶುದ್ಧವಾಗಿ ಹಾಡಿದಾಗ ಐದನೆಯ ದನಿಯೊಂದು ಕೇಳಿಸುತ್ತದೆ ಎಂದು ಬಾರ್ಬರ್‌ಶಾಪ್ ಗಾಯಕರು ಹೇಳುತ್ತಾರೆ. ಯಾರೂ ಹಾಡದ ಆ ಸ್ವರ ನಾಲ್ವರ ನೆತ್ತಿಯ ಮೇಲೆಲ್ಲೋ ಗಂಟೆಯಂತೆ ಮೊಳಗುತ್ತದೆ. ಇದು ಕವಿಕಲ್ಪನೆಯಲ್ಲ, ಭೌತಶಾಸ್ತ್ರ.

ತಂಬೂರಿಯ ಮುಂದೆ ಕಿವಿಗೊಟ್ಟು ಕೂತವರಿಗೆ ಇದನ್ನು ತಿಳಿಸುವುದು ಸುಲಭ. ತಂಬೂರಿಯ ತಂತಿಗಳನ್ನು ಷಡ್ಜ ಪಂಚಮಗಳಿಗೆ ಸೇರಿಸಿರುತ್ತೇವೆ. ಗಾಂಧಾರಕ್ಕೆ ತಂತಿಯೇ ಇಲ್ಲ. ಆದರೂ ಶ್ರುತಿ ಚೆನ್ನಾಗಿ ಸೇರಿದ ತಂಬೂರಿಯಿಂದ ಅಂತರಗಾಂಧಾರ ತಾನಾಗಿ ಹೊಮ್ಮುತ್ತದೆ. ನಮ್ಮವರು ಅದನ್ನು ಸ್ವಯಂಭೂ ಗಾಂಧಾರವೆಂದು ಕರೆದರು. ಯಾವುದೇ ತಂತಿಯಾಗಲಿ ಕಂಠವಾಗಲಿ ಒಂದೇ ಸ್ವರವನ್ನು ಹೊರಡಿಸುವುದಿಲ್ಲ; ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನಗಳುಳ್ಳ ಉಪಸ್ವರಗಳೂ ಅದರೊಳಗೆ ಅಡಗಿರುತ್ತವೆ. ಐದನೆಯ ಉಪಸ್ವರವೇ ಆ ಗಾಂಧಾರ.

ಬಾರ್ಬರ್‌ಶಾಪಿನ ಪ್ರಾಣವೆನಿಸಿದ ಕಾರ್ಡ್ ಇದೇ ಸರಣಿಯ ನಾಲ್ಕು, ಐದು, ಆರು, ಏಳನೆಯ ಸ್ವರಗಳಿಂದ ಆದದ್ದು. ಸೆಕೆಂಡಿಗೆ 200, 250, 300, 350 ಕಂಪನಗಳ ನಾಲ್ಕು ಸ್ವರಗಳನ್ನು ಊಹಿಸಿಕೊಳ್ಳಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಷಡ್ಜ, ಅಂತರಗಾಂಧಾರ, ಪಂಚಮ ಮತ್ತು ಕೈಶಿಕಿ ನಿಷಾದಕ್ಕಿಂತ ಸ್ವಲ್ಪ ತಗ್ಗಿದ ಒಂದು ನಿಷಾದ. 200ರ ಐದರಷ್ಟೂ 1000, 250ರ ನಾಲ್ಕರಷ್ಟೂ 1000. 200ರ ಏಳರಷ್ಟೂ 1400, 350ರ ನಾಲ್ಕರಷ್ಟೂ 1400. ಹೀಗೆ ಒಬ್ಬನ ಉಪಸ್ವರ ಇನ್ನೊಬ್ಬನ ಉಪಸ್ವರದ ಮೇಲೆ ಕರಾರುವಾಕ್ಕಾಗಿ ಕೂತು, ಎರಡೂ ಸೇರಿ ಬಲಗೊಂಡು, ಹೊಸ ದನಿಯಾಗಿ ಕೇಳುತ್ತವೆ.

ಪಿಯಾನೋದಲ್ಲಿ ಇದು ಸಾಧ್ಯವಿಲ್ಲ. ಅದರ ಹನ್ನೆರಡು ಸ್ವರಗಳನ್ನು ಸಮನಾದ ಅಂತರದಲ್ಲಿ ಕೂರಿಸಿರುವುದರಿಂದ ನಮ್ಮ ಲೆಕ್ಕದ 250 ಅಲ್ಲಿ ಹತ್ತಿರ ಹತ್ತಿರ 252 ಆಗುತ್ತದೆ, 350 ಎಂಬುದು 356 ದಾಟುತ್ತದೆ. 1000ದ ಮೇಲೆ 1000 ಕೂರಬೇಕಾದ ಕಡೆ 1008 ಬಂದರೆ ದನಿ ಸೆಕೆಂಡಿಗೆ ಎಂಟು ಬಾರಿ ನಡುಗುತ್ತದೆ. ನಮ್ಮ ಹಿರಿಯ ವಿದ್ವಾಂಸರು ಹಾರ್ಮೋನಿಯಂ ಮೇಲೆ ಹೊರಿಸುತ್ತಿದ್ದ ಆಪಾದನೆಯೂ ಇದೇ. ಬಾರ್ಬರ್‌ಶಾಪ್ ಗಾಯಕರು ವಾದ್ಯವನ್ನು ದೂರವಿಟ್ಟದ್ದು ಬಡತನದಿಂದಲೋ ಹಟದಿಂದಲೋ ಆಗಿರಬಹುದು. ಅದರ ಫಲ ಮಾತ್ರ ಈ ಶ್ರುತಿಶುದ್ಧಿ. ಅಳತೆಗೋಲಿಲ್ಲದೆ ಕಿವಿಯೊಂದನ್ನೇ ನಂಬಿ ಈ ಸ್ವರಸ್ಥಾನಗಳನ್ನು ಮುಟ್ಟಿದ ಮೊದಲಿಗರು ಸಾಮಾನ್ಯರಲ್ಲ.

ಆ ಮೊದಲಿಗರು ಯಾರು?

ಇಂದು ಬಾರ್ಬರ್‌ಶಾಪ್ ಎಂದರೆ ಕಣ್ಮುಂದೆ ಬರುವ ಚಿತ್ರ ಒಂದೇ. ಪಟ್ಟೆಪಟ್ಟೆಯ ಅಂಗಿ, ಒಣಹುಲ್ಲಿನ ಟೋಪಿ, ತಿರುವಿದ ಮೀಸೆಯ ನಾಲ್ವರು ಬಿಳಿಯರು. ಚಿತ್ರಕಾರ ನಾರ್ಮನ್ ರಾಕ್‌ವೆಲ್ 1936ರಲ್ಲಿ ಒಂದು ಜನಪ್ರಿಯ ವಾರಪತ್ರಿಕೆಯ ಮುಖಪುಟಕ್ಕೆ ಬರೆದ ಬಾರ್ಬರ್‌ಶಾಪ್ ನಾಲ್ವರೂ ಬಿಳಿಯರೇ. ಇಂಗ್ಲೆಂಡಿನಲ್ಲಿ ಹದಿನಾರು, ಹದಿನೇಳನೆಯ ಶತಮಾನಗಳ ಕ್ಷೌರದಂಗಡಿಗಳ ಗೋಡೆಗೆ ಸಿಟರ್ನ್ ಎಂಬ ತಂತಿವಾದ್ಯವನ್ನು ನೇತುಹಾಕಿರುತ್ತಿದ್ದರು, ಕಾದು ಕೂತ ಗಿರಾಕಿಗಳು ಅದನ್ನು ಮೀಟುತ್ತಿದ್ದರು. ಅದನ್ನು ಹಿಡಿದುಕೊಂಡು ಬಾರ್ಬರ್‌ಶಾಪ್ ಗಾಯನದ ವಂಶಾವಳಿಯನ್ನು ಇಂಗ್ಲೆಂಡಿಗೆ ಒಯ್ದವರೂ ಉಂಟು. ಆದರೆ ಆ ಅಂಗಡಿಗಳ ವಾದ್ಯಕ್ಕೂ ಅಮೆರಿಕದ ಈ ನಾಲ್ಕು ಕಂಠದ ಸ್ವರಗೊಂಚಲಿಗೂ ನಡುವೆ ಸೇತುವೆಯಿಲ್ಲ.

ನಿಜವಾದ ತವರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಕಪ್ಪು ಜನರ ಕೇರಿಗಳಲ್ಲಿದೆ. ದಕ್ಷಿಣದ ರಾಜ್ಯಗಳಲ್ಲಿ ಕ್ಷೌರವನ್ನು ಕೀಳು ಸೇವೆಯೆಂದು ಬಿಳಿಯರು ಬಹುಕಾಲ ಮುಟ್ಟಲಿಲ್ಲ. ಹೀಗಾಗಿ ಆ ವೃತ್ತಿ ಕಪ್ಪು ಜನರ ಕೈಯಲ್ಲಿ ಉಳಿಯಿತು. ತಮ್ಮವರಿಗಾಗಿ ಅವರು ನಡೆಸುತ್ತಿದ್ದ ಅಂಗಡಿಗಳು ಬರೀ ಕ್ಷೌರದ ಜಾಗಗಳಾಗಿರಲಿಲ್ಲ. ಬಿಳಿಯರ ಕಣ್ಗಾವಲಿಲ್ಲದೆ ನಾಲ್ಕು ಜನ ಕೂತು ಮಾತಾಡಬಹುದಾದ, ನಗಬಹುದಾದ ಕೆಲವೇ ತಾಣಗಳಲ್ಲಿ ಅದೂ ಒಂದಾಗಿತ್ತು. ಸರದಿಗಾಗಿ ಕಾದು ಕೂತವರು ಹಾಡದೆ ಇನ್ನೇನು ಮಾಡಿಯಾರು?

ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ 1871ರಲ್ಲಿ ಹುಟ್ಟಿದ ಕವಿ ಜೇಮ್ಸ್ ವೆಲ್ಡನ್ ಜಾನ್ಸನ್ ಇದಕ್ಕೆ ಪ್ರತ್ಯಕ್ಷ ಸಾಕ್ಷಿ. ಕಪ್ಪು ಜನರ ಭಕ್ತಿಗೀತೆಗಳ ಸಂಕಲನವೊಂದಕ್ಕೆ 1925ರಲ್ಲಿ ಬರೆದ ಮುನ್ನುಡಿಯಲ್ಲಿ ಅವರು ತಮ್ಮ ಬಾಲ್ಯದ ಊರನ್ನು ನೆನೆಯುತ್ತಾರೆ. ಕ್ಷೌರದಂಗಡಿಗೊಂದು ಹಾಡುಗಾರ ನಾಲ್ವರ ತಂಡವಿತ್ತೆಂದೂ, ಅವರು ಹೊಸ ಹೊಸ ಸ್ವರಗೊಂಚಲುಗಳಿಗಾಗಿ ತಡಕಾಡಿ, ಒಂದು ಸೊಗಸಾದುದು ಸಿಕ್ಕಿದರೆ ಮತ್ತೆ ಮತ್ತೆ ಹಾಡಿ ನೋಡುತ್ತಿದ್ದರೆಂದೂ ವರ್ಣಿಸುತ್ತಾರೆ. ಬಿಳಿಯ ತಂಡಗಳು ಕಲಿತದ್ದು ಇವರಿಂದಲೇ ಎಂದು ಆಗಲೇ ಸ್ಪಷ್ಟವಾಗಿ ಬರೆದಿಟ್ಟರು.

ಇನ್ನೂ ಸಾಕ್ಷಿಗಳಿವೆ. 'ಬ್ಲೂಸ್' ಸಂಗೀತದ ಪಿತಾಮಹನೆನಿಸಿದ ಡಬ್ಲ್ಯು. ಸಿ. ಹ್ಯಾಂಡಿ ಯೌವನದಲ್ಲಿ ಇಂಥದೊಂದು ತಂಡ ಕಟ್ಟಿಕೊಂಡು ಶಿಕಾಗೋದ ವಿಶ್ವಮೇಳದತ್ತ ಹೊರಟವರು. ಲೂಯಿ ಆರ್ಮ್‌ಸ್ಟ್ರಾಂಗ್ ಹುಡುಗನಾಗಿದ್ದಾಗ ನ್ಯೂ ಆರ್ಲಿಯನ್ಸಿನ ಬೀದಿಗಳಲ್ಲಿ ಗೆಳೆಯರೊಡನೆ ಹೀಗೆಯೇ ಹಾಡಿ ಚಿಲ್ಲರೆ ಕಾಸು ಕೂಡಿಸುತ್ತಿದ್ದ. 1912ರ ಡಿಸೆಂಬರ್ 31ರ ರಾತ್ರಿ ಹಾಡಲು ಹೊರಟಾಗಲೇ ಅವನು ಹೊಸ ವರ್ಷದ ಹುರುಪಿನಲ್ಲಿ ಪಿಸ್ತೂಲು ಹಾರಿಸಿ ಪೋಲೀಸರ ಕೈಗೆ ಸಿಕ್ಕಿದ್ದು. ಅವರು ಕಳಿಸಿದ ಬಾಲಾಪರಾಧಿಗಳ ಶಾಲೆಯ ವಾದ್ಯವೃಂದದಲ್ಲಿ ಕಾರ್ನೆಟ್ ಅಭ್ಯಾಸ ಮಾಡಿ ಮುಂದೆ ಜಗದ್ವಿಖ್ಯಾತನಾದ. ಒಹಾಯೋ ರಾಜ್ಯದ ಪಿಕ್ವಾ ಎಂಬ ಸಣ್ಣ ಊರಿನಲ್ಲಿ ಜಾನ್ ಮಿಲ್ಸ್ ಎಂಬ ಕಪ್ಪು ಕ್ಷೌರಿಕ ತನ್ನ ಅಂಗಡಿಯನ್ನೂ ನಡೆಸುತ್ತಿದ್ದ, ತನ್ನ ಹಾಡುಗಾರ ತಂಡವನ್ನೂ ನಡೆಸುತ್ತಿದ್ದ. ಆತನ ನಾಲ್ವರು ಗಂಡುಮಕ್ಕಳೇ 1930ರ ದಶಕದಲ್ಲಿ ರೇಡಿಯೋ ಮತ್ತು ಗ್ರಾಮಫೋನುಗಳ ಮೂಲಕ ದೇಶವನ್ನೆಲ್ಲ ಗೆದ್ದ 'ಮಿಲ್ಸ್ ಬ್ರದರ್ಸ್'.

ಧ್ವನಿಮುದ್ರಣ ಇನ್ನೂ ಅಂಬೆಗಾಲಿಡುತ್ತಿದ್ದ 1890ರ ದಶಕದಲ್ಲೇ ಯೂನಿಕ್ ಕ್ವಾರ್ಟೆಟ್, ಸ್ಟ್ಯಾಂಡರ್ಡ್ ಕ್ವಾರ್ಟೆಟ್ ಎಂಬ ಕಪ್ಪು ತಂಡಗಳು ಮೇಣದ ಉರುಳೆಗಳಿಗೆ ಹಾಡಿದವು. 1902ರಲ್ಲಿ ಡಿನ್‌ವಿಡ್ಡಿ ತಂಡ ವಿಕ್ಟರ್ ಕಂಪೆನಿಯ ತಟ್ಟೆಗಳಿಗೆ ಹಾಡಿತು. ಆದರೆ ಮಾರುಕಟ್ಟೆಯನ್ನು ಹಿಡಿದದ್ದು ಹೇಡನ್, ಅಮೆರಿಕನ್, ಪಿಯರ್‌ಲೆಸ್ ಎಂಬ ಬಿಳಿಯ ತಂಡಗಳು. 1903ರ 'ಸ್ವೀಟ್ ಅಡಲೈನ್' ಮನೆಮಾತಾಯಿತು. 1910ರಲ್ಲಿ ಬಾರ್ಬರ್‌ಶಾಪ್ ಕಾರ್ಡನ್ನೇ ಕುರಿತ ಹಾಸ್ಯಗೀತೆಯೊಂದು ಪ್ರಸಿದ್ಧವಾಯಿತು, ಅದನ್ನು ರಂಗದ ಮೇಲೆ ಮೆರೆಸಿದವನು ಬರ್ಟ್ ವಿಲಿಯಮ್ಸ್ ಎಂಬ ಕಪ್ಪು ನಟ. ಎಲ್ಲಿಂದ ಬಂದದ್ದೆಂಬುದು ಅಂದಿನ ಜನಕ್ಕೆ ಗೊತ್ತಿತ್ತೆಂಬುದಕ್ಕೆ ಇದೂ ಒಂದು ಗುರುತು. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಆ ನೆನಪು ಅಳಿಸಿಹೋಯಿತು.

ಟಲ್ಸಾದ ಮಾಳಿಗೆಯ ಮೇಲೆ

1920ರ ದಶಕದಲ್ಲಿ ಜಾಜ್ ಬಂತು, ರೇಡಿಯೋ ಬಂತು. ತಾವೇ ಹಾಡಿಕೊಳ್ಳುತ್ತಿದ್ದವರು ಕೇಳುಗರಾದರು. ನಾಲ್ವರ ಹಾಡು ಮೂಲೆಗುಂಪಾಗುತ್ತಿದ್ದಾಗ ಅದನ್ನು ಎತ್ತಿ ನಿಲ್ಲಿಸಿದವರು ಓವನ್ ಕ್ಯಾಶ್ ಮತ್ತು ರೂಪರ್ಟ್ ಹಾಲ್. ಕ್ಯಾಶ್ ತೆರಿಗೆ ವಕೀಲರು, ಹಾಲ್ ಬಂಡವಾಳದ ವ್ಯವಹಾರದವರು. ಇಬ್ಬರೂ ಓಕ್ಲಹಾಮಾ ರಾಜ್ಯದ ಟಲ್ಸಾ ನಗರದವರು. ಕ್ಯಾನ್ಸಸ್ ಸಿಟಿಯ ಹೋಟೆಲೊಂದರಲ್ಲಿ, ಬಿರುಗಾಳಿಯಿಂದ ವಿಮಾನ ನಿಂತುಹೋದ ರಾತ್ರಿ, ಅಕಸ್ಮಾತ್ತಾಗಿ ಭೇಟಿಯಾದರು. ಹೊತ್ತು ಹೋಗದೆ ಹಾಡಲು ಕೂತರು. ಊರಿಗೆ ಮರಳಿ ಗೆಳೆಯರಿಗೆ ತಮಾಷೆಯ ಆಮಂತ್ರಣವೊಂದನ್ನು ಕಳಿಸಿದರು. ಸರ್ಕಾರ ಪ್ರಜೆಗಳ ಹಕ್ಕುಗಳನ್ನು ಒಂದೊಂದಾಗಿ ಕಸಿಯುತ್ತಿರುವಾಗ ನಾಲ್ವರು ಕೂಡಿ ಹಾಡುವ ಹಕ್ಕನ್ನಾದರೂ ಕಾಪಾಡಿಕೊಳ್ಳೋಣ ಎಂಬುದು ಅದರ ಸಾರಾಂಶ. 1938ರ ಏಪ್ರಿಲ್ 11ರಂದು ಟಲ್ಸಾ ಕ್ಲಬ್ಬಿನ ಮಾಳಿಗೆಯ ಮೇಲೆ 26 ಮಂದಿ ನೆರೆದರು.

ಸಂಘಕ್ಕೆ ಇಟ್ಟ ಹೆಸರು 'ಅಮೆರಿಕದಲ್ಲಿ ಬಾರ್ಬರ್‌ಶಾಪ್ ಕ್ವಾರ್ಟೆಟ್ ಗಾಯನದ ಸಂರಕ್ಷಣೆ ಮತ್ತು ಪ್ರೋತ್ಸಾಹಕ್ಕಾಗಿ ಸಂಘ'. ಅಧ್ಯಕ್ಷ ರೂಸ್‌ವೆಲ್ಟರು ಅಕ್ಷರಮಾಲೆಯ ಹೆಸರಿನ ಇಲಾಖೆಗಳನ್ನು ಸಾಲಾಗಿ ತೆರೆಯುತ್ತಿದ್ದ ಕಾಲ ಅದು. ಅದನ್ನು ಅಣಕಿಸಲೆಂದೇ ಎಂಟು ಅಕ್ಷರಗಳ ಈ ಉದ್ದನೆಯ ಬಾಲ. ಮೂರನೆಯ ಸಭೆಗೆ ಸುಮಾರು 150 ಜನ ಬಂದರು. ಹೋಟೆಲಿನ ತೆರೆದ ಕಿಟಕಿಗಳಿಂದ ಹರಿದ ಹಾಡು ಕೇಳಿ ಬೀದಿಯಲ್ಲಿ ವಾಹನಗಳು ನಿಂತವು. ಏನೋ ಅಪಘಾತವೆಂದು ಬಂದ ಪತ್ರಿಕಾ ವರದಿಗಾರನ ಮುಂದೆ ಕ್ಯಾಶ್ ಮಹಾಶಯರು, ದೇಶದ ಹಲವು ನಗರಗಳಲ್ಲಿ ನಮ್ಮ ಶಾಖೆಗಳಿವೆ ಎಂದು ಗಂಭೀರವಾಗಿ ಹೇಳಿಬಿಟ್ಟರು. ಒಂದು ಶಾಖೆಯೂ ಇರಲಿಲ್ಲ! ಸುದ್ದಿ ಅಚ್ಚಾದ ಮೇಲೆ ಶಾಖೆಗಳು ನಿಜವಾಗಿಯೇ ಹುಟ್ಟಿದವು. ಪರಊರಿನಲ್ಲಿ ಸಂಘ ಕಟ್ಟಿದ ಅನುಭವವುಳ್ಳ ನಮ್ಮವರಿಗೆ ಈ ವಿದ್ಯೆ ತೀರ ಅಪರಿಚಿತವೇನಲ್ಲ. ಮರುವರ್ಷವೇ, 1939ರಲ್ಲಿ, ಟಲ್ಸಾದಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆಯಿತು.

ಇಷ್ಟರಲ್ಲಿ ಮೆಚ್ಚಬೇಕಾದುದು ಬಹಳವಿದೆ. ಸಂಬಳವಿಲ್ಲದ ಹವ್ಯಾಸಿಗಳು, ಆಫೀಸು ಮುಗಿಸಿ ಬಂದು, ಸಾಯುತ್ತಿದ್ದ ಒಂದು ಕಲೆಗೆ ಉಸಿರು ಕೊಟ್ಟರು. ಅವರಿಲ್ಲದಿದ್ದರೆ ಈ ಶೈಲಿ ಹಳೆಯ ಉರುಳೆಗಳಲ್ಲಷ್ಟೇ ಉಳಿಯುತ್ತಿತ್ತೇನೋ. ಆದರೆ ಟಲ್ಸಾ ಎಂಬ ಊರಿನ ಹೆಸರು ಚರಿತ್ರೆಯಲ್ಲಿ ಇನ್ನೊಂದು ಕಾರಣಕ್ಕೂ ಉಳಿದಿದೆ. ಅಲ್ಲಿನ ಗ್ರೀನ್‌ವುಡ್ ಎಂಬ ಕಪ್ಪು ಜನರ ಬಡಾವಣೆಯನ್ನು 1921ರಲ್ಲಿ ಬಿಳಿಯರ ಗುಂಪು ಸುಟ್ಟು ಬೂದಿ ಮಾಡಿತ್ತು. ಹದಿನೇಳು ವರ್ಷಗಳ ಮೇಲೆ ಅದೇ ಊರಿನ ಮಾಳಿಗೆಯ ಮೇಲೆ 'ಹಳೆಯ ಒಳ್ಳೆಯ ದಿನಗಳ' ಹಾಡನ್ನು ಉಳಿಸಲು ನೆರೆದವರ ನೆನಪಿನಲ್ಲಿ, ಆ ಹಾಡನ್ನು ಕಟ್ಟಿದವರಿಗೆ ಜಾಗವಿರಲಿಲ್ಲ.

ಕೆಂಪು ಟೋಪಿಯವರು

ಅದು ಬಯಲಾದದ್ದು 1941ರಲ್ಲಿ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಸಾಮಾನು ಹೊರುವವರು ಕೆಂಪು ಟೋಪಿ ಹಾಕುತ್ತಿದ್ದರು, ನಮ್ಮ ನಿಲ್ದಾಣಗಳ ಹಮಾಲರ ಕೆಂಪು ಅಂಗಿಯಂತೆ. ಅವರಲ್ಲಿ ಹೆಚ್ಚಿನವರು ಕಪ್ಪು ಜನ. ಅವರೊಳಗಿನ ಹಾಡುಗಾರರ ತಂಡ 'ಗ್ರ್ಯಾಂಡ್ ಸೆಂಟ್ರಲ್ ರೆಡ್ ಕ್ಯಾಪ್ಸ್' ನ್ಯೂಯಾರ್ಕ್ ನಗರದ ಸ್ಪರ್ಧೆಯನ್ನು ಗೆದ್ದು ಸೇಂಟ್ ಲೂಯಿಸಿನ ರಾಷ್ಟ್ರೀಯ ಸ್ಪರ್ಧೆಗೆ ಅರ್ಹತೆ ಪಡೆಯಿತು. ಸಂಘ ಅವರನ್ನು ಸೇರಿಸಿಕೊಳ್ಳಲಿಲ್ಲ. ಹಾಡಿನಲ್ಲಿ ದೋಷ ಕಂಡದ್ದರಿಂದಲ್ಲ, ಮೈಬಣ್ಣದ ಕಾರಣದಿಂದ.

ಇದನ್ನು ಪ್ರತಿಭಟಿಸಿ ನ್ಯೂಯಾರ್ಕಿನ ಮಾಜಿ ಗವರ್ನರ್ ಆಲ್ ಸ್ಮಿತ್ ಮತ್ತು ನಗರದ ಉದ್ಯಾನಗಳ ಮುಖ್ಯಾಧಿಕಾರಿ ರಾಬರ್ಟ್ ಮೋಸೆಸ್ ಸಂಘಕ್ಕೆ ರಾಜೀನಾಮೆ ಕೊಟ್ಟರು. ದೇಶಕ್ಕೆಲ್ಲ ಗೊತ್ತಿದ್ದ ಇಬ್ಬರು ಹೊರನಡೆದರೂ ಸಂಘ ಕದಲಲಿಲ್ಲ. ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂಬ ನಿಯಮ 1963ರವರೆಗೆ ನಡೆಯಿತು. ಕ್ಷೌರದಂಗಡಿಯ ಹೆಸರನ್ನು ಎದೆಯ ಮೇಲೆ ಹೊತ್ತ ಸಂಘಕ್ಕೆ ಕಪ್ಪು ಕ್ಷೌರಿಕನ ಮಗ ಇಪ್ಪತ್ತೈದು ವರ್ಷ ಸದಸ್ಯನಾಗುವಂತಿರಲಿಲ್ಲ.

ಹೆಂಗಸರಿಗೂ ಅಲ್ಲಿ ಪ್ರವೇಶವಿರಲಿಲ್ಲ. ಅವರು 1945ರಲ್ಲಿ, ಎಡ್ನಾ ಮೇ ಆಂಡರ್ಸನ್ ಎಂಬಾಕೆಯ ಮುಂದಾಳ್ತನದಲ್ಲಿ, ಅದೇ ಟಲ್ಸಾದಲ್ಲಿ 'ಸ್ವೀಟ್ ಅಡಲೈನ್ಸ್' ಎಂಬ ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ದುಃಖದ ಸಂಗತಿಯೆಂದರೆ, ಬಾಗಿಲ ಹೊರಗೆ ನಿಲ್ಲುವ ನೋವನ್ನು ಬಲ್ಲ ಆ ಸಂಸ್ಥೆಯೂ ಕಪ್ಪು ಮಹಿಳೆಯರಿಗೆ ತನ್ನ ಬಾಗಿಲನ್ನು ಮುಚ್ಚಿತು. ಅದನ್ನು ಒಪ್ಪದ ಕೆಲವು ಶಾಖೆಗಳು 1959ರಲ್ಲಿ ಹೊರಬಂದು 'ಹಾರ್ಮನಿ ಇನ್‌ಕಾರ್ಪೊರೇಟೆಡ್' ಎಂಬ ಬೇರೆ ಸಂಸ್ಥೆಯನ್ನು ಸ್ಥಾಪಿಸಿದವು. ತಮ್ಮ ಹೆಸರಿನ ಅರ್ಥವನ್ನು ಉಳಿಸಿಕೊಂಡವರು ಆ ಕಾಲದಲ್ಲಿ ಅವರೇ ಎನ್ನಬೇಕು. ಸ್ವೀಟ್ ಅಡಲೈನ್ಸ್ 1966ರಲ್ಲಿ ತನ್ನ ನಿಯಮವನ್ನು ಕೈಬಿಟ್ಟಿತು.

ಮರೆತದ್ದನ್ನು ನೆನೆದದ್ದು

ಈ ಮಧ್ಯೆ ಸಂಗೀತ ಬೆಳೆಯುತ್ತಲೇ ಇತ್ತು. 1950ರ ಚಾಂಪಿಯನ್ನರಾದ 'ಬಫೆಲೋ ಬಿಲ್ಸ್' ತಂಡ 1957ರ 'ದಿ ಮ್ಯೂಸಿಕ್ ಮ್ಯಾನ್' ನಾಟಕದಲ್ಲೂ 1962ರ ಅದರ ಚಲನಚಿತ್ರದಲ್ಲೂ ಹಾಡಿ ಈ ಶೈಲಿಯನ್ನು ಮನೆಮನೆಗೆ ಮುಟ್ಟಿಸಿತು. ನಾಲ್ವರ ತಂಡಗಳ ಜೊತೆಗೆ ಹತ್ತಾರು ಕಂಠಗಳ ವೃಂದಗಳೂ ಹುಟ್ಟಿದವು. ಬ್ರಿಟನ್ನಿನಲ್ಲಿ 1974ರಲ್ಲಿ ಪ್ರತ್ಯೇಕ ಸಂಘವೇ ಸ್ಥಾಪನೆಯಾಯಿತು; ಸ್ವೀಡನ್, ಜರ್ಮನಿ, ಹಾಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಿಗೂ ಹಾಡು ಹಬ್ಬಿತು.

ಆದರೆ ಹುಟ್ಟಿನ ಪ್ರಶ್ನೆಯನ್ನು ಮತ್ತೆ ಎತ್ತಿದವರು ಲಿನ್ ಅಬಟ್ ಎಂಬ ಸಂಶೋಧಕರು. ಹಳೆಯ ಪತ್ರಿಕೆಗಳು, ಸಂಗೀತಗಾರರ ನೆನಪುಗಳು, ಆತ್ಮಕಥೆಗಳು ಇವನ್ನೆಲ್ಲ ಸೋಸಿ, ಬಾರ್ಬರ್‌ಶಾಪ್ ಕಪ್ಪು ಜನರ ಸೃಷ್ಟಿಯೆಂದು 1992ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಕಣ್ಣು ತೆರೆಸಿತು. ಗೇಜ್ ಆವರಿಲ್ ಅವರ 2003ರ ಪುಸ್ತಕ ಇದರ ಸಾಮಾಜಿಕ ಚರಿತ್ರೆಯನ್ನು ವಿಸ್ತಾರವಾಗಿ ಬಿಡಿಸಿಟ್ಟಿತು. ಸಂಘದ ಒಳಗಿನವರೇ ಆದ, ಎರಡು ಬೇರೆ ಬೇರೆ ತಂಡಗಳಲ್ಲಿ ಬಾಸ್ ಹಾಡಿ ಚಾಂಪಿಯನ್ನರಾದ ಜಿಮ್ ಹೆನ್ರಿ, ಇದೇ ವಿಷಯವನ್ನು ಕುರಿತು ಡಾಕ್ಟರೇಟ್ ಪ್ರಬಂಧ ಬರೆದರು. ಹೊರಗಿನವರು ಹೇಳಿದ್ದನ್ನು ತಳ್ಳಿಹಾಕುವುದು ಸುಲಭ. ತಮ್ಮ ವೇದಿಕೆಯ ಮೇಲೆ ನಿಂತು ಗೆದ್ದವನೇ ಹೇಳಿದಾಗ ಕೇಳದೆ ವಿಧಿಯಿಲ್ಲ.

ಸಂಘವೂ ಬದಲಾಯಿತು. 2004ರಲ್ಲಿ ಎಂಟಕ್ಷರದ ಹೆಸರನ್ನು ಬದಿಗಿಟ್ಟು 'ಬಾರ್ಬರ್‌ಶಾಪ್ ಹಾರ್ಮನಿ ಸೊಸೈಟಿ' ಎಂದು ಕರೆದುಕೊಂಡಿತು. 2007ರಲ್ಲಿ ಕೇಂದ್ರ ಕಛೇರಿಯನ್ನು ನ್ಯಾಶ್‌ವಿಲ್‌ಗೆ ಸಾಗಿಸಿತು. ಎಲ್ಲರೂ ಒಂದೇ ಮೇಳದಲ್ಲಿ ಎಂಬ ಧ್ಯೇಯವನ್ನು 2017ರಲ್ಲಿ ಘೋಷಿಸಿ, 2018ರಲ್ಲಿ ಮಹಿಳೆಯರಿಗೂ ಪೂರ್ಣ ಸದಸ್ಯತ್ವ ಕೊಟ್ಟಿತು. ತನ್ನ ಕಲೆಯ ಬೇರುಗಳು ಕಪ್ಪು ಜನರಲ್ಲಿವೆ ಎಂದು ಈಗ ಅದು ಬಾಯಿಬಿಟ್ಟು ಹೇಳುತ್ತದೆ. ತಡವಾಯಿತು ಎನ್ನುವುದು ನಿಜ. ರೆಡ್ ಕ್ಯಾಪ್ಸ್ ತಂಡಕ್ಕೆ ಸೇಂಟ್ ಲೂಯಿಸಿನ ವೇದಿಕೆ ಮರಳಿ ಸಿಗಲಾರದು.

ಉಳಿಸುವವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇಲ್ಲಿದೆ. ಕಲೆಯೊಂದನ್ನು ಸಂರಕ್ಷಿಸಲು ಹೊರಟವರು ಅದರ ಯಾವ ಕಾಲದ, ಯಾರ ರೂಪವನ್ನು ಹಿಡಿದಿಟ್ಟುಕೊಳ್ಳುತ್ತಾರೆ? ತಮಗೆ ಪ್ರಿಯವಾದ ಒಂದು ಚಿತ್ರವನ್ನು ಚೌಕಟ್ಟಿನಲ್ಲಿ ಕೂರಿಸಿ, ಚೌಕಟ್ಟಿನ ಆಚೆ ಉಳಿದವರನ್ನು ಮರೆಯುವುದು ಟಲ್ಸಾದವರಿಗಷ್ಟೇ ಬಂದ ರೋಗವಲ್ಲ. ನಮ್ಮ ಸಂಘಗಳೂ ಊರಿನಿಂದ ದೂರವಿದ್ದು ಊರಿನ ಹಾಡು, ಕುಣಿತ, ಹಬ್ಬಗಳನ್ನು ಉಳಿಸಿಕೊಂಡು ಬಂದಿವೆ. ರಾಜ್ಯೋತ್ಸವದ ವೇದಿಕೆಯ ಮೇಲೆ ಡೊಳ್ಳು, ಓಲಗಗಳನ್ನು ಕೇಳಿ ಚಪ್ಪಾಳೆ ತಟ್ಟುವ ನಾವು, ಅವುಗಳನ್ನು ತಲೆತಲಾಂತರದಿಂದ ಕಾಪಾಡಿದ ಮನೆತನದವರಿಗೆ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಎಷ್ಟು ಕುರ್ಚಿ ಇಟ್ಟಿದ್ದೇವೆ ಎಂದು ಒಮ್ಮೆ ಎಣಿಸಿ ನೋಡಿದರೆ ತಪ್ಪಾಗಲಾರದು.

ಸೊಸೈಟಿಯ ಅಂತಾರಾಷ್ಟ್ರೀಯ ಸ್ಪರ್ಧೆ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜುಲೈ ಹೊತ್ತಿಗೆ, ಅಮೆರಿಕದ ಒಂದೊಂದು ನಗರದಲ್ಲಿ ನಡೆಯುತ್ತದೆ. ಬೇಸಗೆಯಲ್ಲಿ ಮಕ್ಕಳ ಮನೆಗೆಂದು ಆ ಕಡೆ ಹೋಗುವ ನಮ್ಮ ಹಿರಿಯ ಸದಸ್ಯರು ಅವಕಾಶ ಸಿಕ್ಕರೆ ಹೋಗಿ ಕೂರಲಿ. ಇಲ್ಲಿಯೇ ಇರುವವರು ಮಿಲ್ಸ್ ಸೋದರರ ಹಳೆಯ ಮುದ್ರಿಕೆಗಳಿಂದ ಆರಂಭಿಸಿ, ಬಫೆಲೋ ಬಿಲ್ಸ್ ತಂಡದವರೆಗೆ ಬರಬಹುದು. ಮೊದಲ ಸಲ ಕೇಳುವಾಗ ಲೀಡನ್ನು ಮಾತ್ರ ಹಿಂಬಾಲಿಸಿ, ಎರಡನೆಯ ಸಲ ಬಾಸನ್ನು. ಮೂರನೆಯ ಸಲ, ಎಲ್ಲೋ ನಡುವೆ ಮಿಕ್ಕಿದ ಸ್ವರಗಳನ್ನು ಹೆಕ್ಕಿಕೊಂಡು ಹೋಗುವ ಆ ಬ್ಯಾರಿಟೋನನ್ನು ಹುಡುಕಿ. ಹುಡುಕಿದರೆ ಸಿಗುತ್ತಾನೆ.